ಶರ್ಕರಪಿಷ್ಟ ತ್ಯಜಿಸಿದವರಿಗೆ ಪ್ರೋಟೀನ್ ಪುಡಿಯ ಆಯ್ಕೆ

ವೈದ್ಯರ ಸಲಹೆಯಿಂದಲೋ ಸ್ವಂತ ಸಂಕಲ್ಪದಿಂದಲೋ ಅನ್ನ, ರಾಗಿಮುದ್ದೆ, ಆಲೂಗಡ್ಡೆಗಳನ್ನು ದೂರವಿಟ್ಟು, ಸಂಜೆಯ ಚಹಾದೊಡನೆ ಬಾಲ್ಯದಿಂದ ರೂಢಿಯಾಗಿದ್ದ ವರ್ಕಿಯನ್ನು ಕೂಡ ಮನಸ್ಸು ಗಟ್ಟಿಮಾಡಿಕೊಂಡು ತ್ಯಜಿಸಿದ ಎಷ್ಟೋ ಮಂದಿ, ಬೆಳಗಿನ ತಿಂಡಿಯ ಬದಲಿಗೆ ಕುಡಿಯುವ ಒಂದು ಲೋಟ ಪ್ರೋಟೀನ್ ಶೇಕ್‌ನ ಮೂಲಕ ತಾವು ಬಿಟ್ಟ ವಸ್ತುವನ್ನೇ ಬೇರೊಂದು ರೂಪದಲ್ಲಿ ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುವುದನ್ನು ಉದಕಮಂಡಲದಲ್ಲಿಯೂ ಗೂಡಲೂರಿನಲ್ಲಿಯೂ ಮಸಿನಗುಡಿಯ ಕನ್ನಡ ಮನೆಗಳಲ್ಲಿಯೂ ಕಂಡಿದ್ದೇನೆ. ತಿಂಗಳುಗಟ್ಟಲೆ ಪಥ್ಯ ನಡೆಸಿದರೂ ರಕ್ತದ ಸಕ್ಕರೆ ಇಳಿಯಲಿಲ್ಲವೆಂದು ಅವರು ಪಥ್ಯವನ್ನೇ ದೂರುತ್ತಾರೆ. ಪಥ್ಯದ ಅಪರಾಧ ಇದರಲ್ಲಿ ಏನೂ ಇಲ್ಲ. ಅಂಗಡಿಯಲ್ಲಿ ಡಬ್ಬಿಯ ಮುಂಭಾಗವನ್ನು ನೋಡಿ ಹಣ ಕೊಟ್ಟು, ಹಿಂಭಾಗವನ್ನು ಓದದೆ ಮನೆಗೆ ತಂದದ್ದೇ ಈ ಅನರ್ಥಕ್ಕೆ ಮೂಲ.

ಡಬ್ಬಿಗಳ ಮೇಲೆ ಕಾರ್ಬೋಹೈಡ್ರೇಟ್ ಎಂದು ಅಚ್ಚಾಗಿರುವ ಶರ್ಕರಪಿಷ್ಟವನ್ನು ದಿನಕ್ಕೆ 130 ಗ್ರಾಂಗಿಂತ ಕಡಿಮೆ ಸೇವಿಸುವುದು ಸಾಮಾನ್ಯವಾಗಿ ಲೋ ಕಾರ್ಬ್ ಪಥ್ಯವೆನಿಸುತ್ತದೆ. 20ರಿಂದ 50 ಗ್ರಾಂ ಒಳಗೆ ನಿಲ್ಲಿಸುವುದು ಕೀಟೋ. ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಇದರಲ್ಲಿ ಪ್ರೋಟೀನಿನ ಅಭಾವವಾಗದು. ಕಷ್ಟವೆಲ್ಲ ಸಸ್ಯಾಹಾರಿಗಳದು: ತೊಗರಿಬೇಳೆ, ಹುರುಳಿ, ಅವರೆಗಳಲ್ಲಿ ನೂರು ಗ್ರಾಂಗೆ 20 ಗ್ರಾಂಗೂ ಮಿಕ್ಕಿ ಪ್ರೋಟೀನ್ ಇದ್ದರೂ, ಅದರ ಎರಡು ಪಟ್ಟಿಗೂ ಮಿಗಿಲಾದ ಶರ್ಕರಪಿಷ್ಟ ಅದರೊಡನೆಯೇ ಬರುತ್ತದೆ. ಪುಡಿ ಉಪಯುಕ್ತವಾಗುವುದು ಇಂಥವರಿಗೆ. ಎಲ್ಲರಿಗೂ ಪುಡಿ ಅವಶ್ಯವೆಂಬ ಪ್ರಚಾರವನ್ನು ನಾನು ಒಪ್ಪುವವನಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸುವ ಉದ್ದೇಶದಿಂದ ಪ್ರೋಟೀನ್ ಪುಡಿಗಳನ್ನು ಸೇವಿಸಬಾರದೆಂದೇ ಹೇಳಿದೆ. ಆ ಸಂಸ್ಥೆ ಜನ್ಮತಾಳಿದ್ದು ನಮ್ಮ ಬೆಟ್ಟದಲ್ಲಿಯೇ ಎಂಬುದನ್ನು ನೀಲಗಿರಿಯವರು ಮರೆಯಬಾರದು. 1918ರಲ್ಲಿ ಕೂನೂರಿನ ಪಾಸ್ಚರ್ ಸಂಸ್ಥೆಯ ಒಂದು ಕೊಠಡಿಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಬೆರಿಬೆರಿ ರೋಗದ ಅನ್ವೇಷಣೆಯೇ ಬೆಳೆದು ಪೋಷಣಾ ಸಂಶೋಧನಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಯಿತು. ಭಾರತೀಯ ಆಹಾರಪದಾರ್ಥಗಳಲ್ಲಿ ಯಾವುದರಲ್ಲಿ ಯಾವ ಸತ್ವ ಎಷ್ಟಿದೆಯೆಂಬ ಕೋಷ್ಟಕವನ್ನು ಅದರ ನಿರ್ದೇಶಕರಾಗಿದ್ದ ಆಯ್‌ಕ್ರಾಯ್ಡ್ 1937ರಲ್ಲಿ ಪ್ರಕಟಿಸಿದ್ದೂ ಕೂನೂರಿನಲ್ಲಿದ್ದಾಗಲೇ. ಡಬ್ಬಿಯ ಹಿಂಬದಿಯ ಪಟ್ಟಿ ಅದೇ ಜಾತಿಯದು, ಅಷ್ಟೇ ಗೌರವದಿಂದ ಓದತಕ್ಕದ್ದು.

ಪುಡಿ ಕೊಳ್ಳುವುದಕ್ಕೆ ಮೊದಲು ವೈದ್ಯರನ್ನು ಕಾಣಬೇಕು. ಇದನ್ನು ಉಪಚಾರಕ್ಕಾಗಿ ಬರೆಯುತ್ತಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣವನ್ನು ಬದಲಿಸದೆ ಊಟದ ಅನ್ನವನ್ನು ಮಾತ್ರ ನಿಲ್ಲಿಸಿದರೆ ಸಕ್ಕರೆಯ ಅಂಶ ಅಪಾಯಕರವಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸೇವಿಸುವವರು ಕೀಟೋ ಪಥ್ಯ ಹಿಡಿದರೆ ರಕ್ತ ಆಮ್ಲೀಯವಾಗುವ ಗಂಡಾಂತರವುಂಟು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಹೆಚ್ಚುವರಿ ಪ್ರೋಟೀನೇ ಅಹಿತ. ಜಿಮ್ಮಿನ ತರಬೇತುದಾರನ ಮಾತು ಎಷ್ಟೇ ಸದುದ್ದೇಶದ್ದಾದರೂ ಇಲ್ಲಿ ಪ್ರಮಾಣವಾಗದು.

ಎರಡನೆಯದಾಗಿ, ಎಷ್ಟು ಪ್ರೋಟೀನ್ ಬೇಕು, ಆಹಾರದಿಂದ ಎಷ್ಟು ಬರುತ್ತಿದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಹಾಕಿಕೊಳ್ಳಬೇಕು. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂಬುದು ಅದೇ ಪೋಷಣಾ ಸಂಸ್ಥೆಯ ನಿರ್ಣಯ. ಅರವತ್ತು ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ನೂರು ಗ್ರಾಂ ಪನೀರಿನಿಂದ 18, ದೊಡ್ಡ ಬಟ್ಟಲು ಮೊಸರಿನಿಂದ 6, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಬಂದರೆ, ಉಳಿಯುವ ಕೊರತೆ 20 ಗ್ರಾಂ ಸಮೀಪ. ಒಂದು ಲೋಟ ಶೇಕ್ ಅದನ್ನು ತುಂಬುತ್ತದೆ, ಎರಡನೆಯ ಲೋಟಕ್ಕೆ ಕಾರಣವಿಲ್ಲ. ಮೊಟ್ಟೆ ತಿನ್ನುವವರು ಒಂದೊಂದು ಮೊಟ್ಟೆಗೆ 6 ಗ್ರಾಂನಂತೆ ಇದರಿಂದ ಕಳೆಯಬಹುದು. ಎಷ್ಟೋ ಜನರಿಗೆ ಇಲ್ಲಿಯೇ ಲೆಕ್ಕ ಮುಗಿದು ಪುಡಿಯ ಅವಶ್ಯಕತೆಯೇ ತಪ್ಪುತ್ತದೆ.

ಇನ್ನು ಡಬ್ಬಿಯನ್ನು ಓದುವ ವಿಷಯ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಇಲ್ಲಿಯೇ ಆಗಿವೆ.

ಔಷಧದಂಗಡಿಯ ಗಾಜಿನ ಬೀರುವಿನಿಂದ ತೆಗೆದುಕೊಟ್ಟ ಒಂದು ಡಬ್ಬಿಯ ಮುಂಭಾಗದಲ್ಲಿ 'ನೂರು ಗ್ರಾಂಗೆ 34 ಗ್ರಾಂ ಪ್ರೋಟೀನ್' ಎಂದೂ, ಅದರ ಕೆಳಗೆ ಹಸಿರು ಅಕ್ಷರದಲ್ಲಿ 'ನೋ ಆ್ಯಡೆಡ್ ಶುಗರ್' ಎಂದೂ ಬರೆದಿದೆಯೆಂದು ಭಾವಿಸೋಣ. ಮಧುಮೇಹಿಯ ಕಣ್ಣು ಹಸಿರು ಅಕ್ಷರದ ಮೇಲೆಯೇ ನೆಲೆಸುವುದು ಸಹಜ. ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಚೌಕದೊಳಗಿನ ಸಣ್ಣ ಅಕ್ಷರಗಳಿಗೆ ಕನ್ನಡಕ ಹಾಕಿಕೊಂಡು ನೋಡಿದರೆ, 'ಟೋಟಲ್ ಶುಗರ್ಸ್' ಎಂಬ ಸಾಲಿನ ಮುಂದೆ 8 ಗ್ರಾಂ, 'ಆ್ಯಡೆಡ್ ಶುಗರ್ಸ್' ಎಂಬುದರ ಮುಂದೆ ಸೊನ್ನೆ, ಇವೆರಡಕ್ಕೂ ಮೇಲಿನ 'ಕಾರ್ಬೋಹೈಡ್ರೇಟ್' ಎಂಬ ಸಾಲಿನ ಮುಂದೆ 50 ಗ್ರಾಂ. ಸಕ್ಕರೆಯಾಗಿ ಇರುವುದು ಎಂಟೇ ಗ್ರಾಂ ಆದರೆ ಮಿಕ್ಕ ನಲವತ್ತೆರಡು ಗ್ರಾಂ ಯಾವುದು? ಬಹುಮಟ್ಟಿಗೆ ಅದು ಮಾಲ್ಟೋಡೆಕ್ಸ್‌ಟ್ರಿನ್: ಜೋಳ ಮೊದಲಾದವುಗಳ ಪಿಷ್ಟವನ್ನು ಸಣ್ಣ ತುಂಡುಗಳಾಗಿ ಒಡೆದು ಮಾಡಿದ, ಹೆಚ್ಚು ಸಿಹಿಯಿಲ್ಲದ ಬಿಳಿಯ ಪುಡಿ. ಅದರ ಅಣುಗಳು ಉದ್ದವಾದ ಸರಪಳಿಗಳಾದ್ದರಿಂದ ನಿಯಮದ ಪ್ರಕಾರ ಅದನ್ನು ಸಕ್ಕರೆಯ ಸಾಲಿನಲ್ಲಿ ಬರೆಯುವ ಹಂಗಿಲ್ಲ. ಆದರೆ ಹೊಟ್ಟೆಗೆ ಸೇರಿದೊಡನೆ ಅದು ಗ್ಲೂಕೋಸ್ ಆಗಿ ಒಡೆದು, ಮನೆಯ ಸಕ್ಕರೆಗಿಂತಲೂ ಶೀಘ್ರವಾಗಿ ರಕ್ತಕ್ಕೆ ಏರುತ್ತದೆ. ಆ ಡಬ್ಬಿಯ ಮಾತು ಸುಳ್ಳಲ್ಲ, ಸಕ್ಕರೆ ಹಾಕಿಲ್ಲ. ಮೋಸಹೋಗುವುದು ಸತ್ಯದ ಒಂದೇ ಸಾಲನ್ನು ಓದಿ ನಿಲ್ಲಿಸಿದ್ದರಿಂದ.

ಇದರ ಮೇಲೆ ಅಳತೆಯ ಗೊಂದಲವೊಂದಿದೆ. ಪಟ್ಟಿಯಲ್ಲಿ 'ಪರ್ ಸರ್ವ್' ಎಂಬ ಅಂಕಣವೊಂದು, 'ಪರ್ 100 ಗ್ರಾಂ' ಎಂಬ ಅಂಕಣವೊಂದು ಇರುತ್ತವೆ. ಸರ್ವ್ ಎಂದರೆ ಒಂದು ಚಮಚವೋ ಎರಡು ಚಮಚವೋ ಎಂಬುದು ತಯಾರಕರ ಇಚ್ಛೆ. ಮೇಲಿನ ಡಬ್ಬಿಯಿಂದ ಮೂವತ್ತು ಗ್ರಾಂನ ಎರಡು ಚಮಚ ಹಾಕಿಕೊಂಡವರಿಗೆ ಪ್ರೋಟೀನ್ 20 ಗ್ರಾಂ ದೊರೆತರೆ, ಅದರೊಡನೆ ಶರ್ಕರಪಿಷ್ಟ 30 ಗ್ರಾಂ. ಅಂದರೆ ಹೆಚ್ಚು ಕಡಮೆ ನೂರು ಗ್ರಾಂ ಅನ್ನವನ್ನು ಲೋಟದಲ್ಲಿ ಕುಡಿದಂತೆ. ಅದನ್ನು 200 ಮಿಲಿಲೀಟರ್ ಹಾಲಿನಲ್ಲಿ ಕದಡಿದರೆ ಹಾಲಿನ ಲ್ಯಾಕ್ಟೋಸ್ ಇನ್ನೂ 9 ಗ್ರಾಂನಷ್ಟನ್ನು ಸೇರಿಸಿತು. ಕೀಟೋ ಪಥ್ಯದವರ ದಿನದ ಪಾಲು ಬೆಳಿಗ್ಗೆ ಎಂಟು ಗಂಟೆಗೇ ಬಹುತೇಕ ತೀರಿತು.

ಆದಕಾರಣ ಸರ್ವ್‌ನ ಅಂಕಣವನ್ನು ಬಿಟ್ಟು, ಯಾವ ಎರಡು ಡಬ್ಬಿಗಳನ್ನಾದರೂ ನೂರು ಗ್ರಾಂ ಅಂಕಣದಲ್ಲಿಯೇ ಹೋಲಿಸತಕ್ಕದ್ದು. ನಾನು ಹೇಳುವ ಗೆರೆ ಇದು: ಪ್ರೋಟೀನ್ 75 ಗ್ರಾಂಗೆ ಕಡಿಮೆಯಿರಬಾರದು, ಕಾರ್ಬೋಹೈಡ್ರೇಟ್ 10 ಗ್ರಾಂ ಮೀರಬಾರದು. ತರುವಾಯ ಪಟ್ಟಿ ತನಗೆ ತಾನೇ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಪ್ರೋಟೀನನ್ನೂ ಕಾರ್ಬೋಹೈಡ್ರೇಟನ್ನೂ ನಾಲ್ಕರಿಂದ, ಕೊಬ್ಬನ್ನು ಒಂಬತ್ತರಿಂದ ಗುಣಿಸಿ ಕೂಡಿಸಿದರೆ ಅಚ್ಚಾಗಿರುವ ಕ್ಯಾಲರಿಯ ಸಮೀಪಕ್ಕೆ ಬರಬೇಕು. ಬಹಳ ಅಂತರ ಬಂದರೆ ಆ ಡಬ್ಬಿಯನ್ನು ಹಿಂದಿರುಗಿಸಿರಿ.

ಬೆಲೆಯ ವಿಷಯದಲ್ಲಿಯೂ ಇದೇ ಅಂಕಣ ಸಹಾಯಕ. ನೂರಕ್ಕೆ 78 ಪ್ರೋಟೀನಿನ ಒಂದು ಕಿಲೋ ಡಬ್ಬಿಯಲ್ಲಿ 780 ಗ್ರಾಂ ಪ್ರೋಟೀನ್ ಇದ್ದರೆ, 34ರ ಡಬ್ಬಿಯಲ್ಲಿ 340 ಮಾತ್ರ. ಎರಡನೆಯದು ಅರ್ಧ ಬೆಲೆಗೆ ಸಿಕ್ಕರೂ ಅಗ್ಗವಲ್ಲ. 'ಮಾಸ್ ಗೇನರ್' ಎಂದು ಮಾರುವ ದೊಡ್ಡ ಚೀಲಗಳಲ್ಲಂತೂ ಮುಕ್ಕಾಲು ಪಾಲಿನಷ್ಟು ಶರ್ಕರಪಿಷ್ಟವೇ ಇರುವುದು ಸಾಮಾನ್ಯ. ಅವುಗಳ ಕಡೆ ತಿರುಗಿ ನೋಡುವುದೂ ಬೇಡ.

ಪಟ್ಟಿಯ ಪಕ್ಕದಲ್ಲಿರುವ 'ಇನ್‌ಗ್ರೀಡಿಯೆಂಟ್ಸ್' ಎಂಬ ಸಾಲಿನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲ ಹೆಸರು ಪ್ರೋಟೀನಿನದಾಗಿರಬೇಕು. ಮಾಲ್ಟೋಡೆಕ್ಸ್‌ಟ್ರಿನ್, ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್ ಸಾಲಿಡ್ಸ್, ಹಾಲಿನ ಪುಡಿ ಇವು ಮೊದಲ ಮೂರರಲ್ಲಿ ಕಂಡರೆ ಬೇಡ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಸುಮಾರು ಅರ್ಧಾಂಶ ಲ್ಯಾಕ್ಟೋಸೇ ಇರುತ್ತದೆ. ಟಾರಿನ್, ಗ್ಲೈಸಿನ್ ಮುಂತಾದ ಅಗ್ಗದ ವಸ್ತುಗಳು ಮುಂದಿನ ಸ್ಥಾನಗಳಲ್ಲಿದ್ದರೂ ಸಂಶಯಪಡಬೇಕು: ಪ್ರೋಟೀನನ್ನು ಅಳೆಯುವ ಬಳಕೆಯ ಕ್ರಮ ಸಾರಜನಕವನ್ನು ಎಣಿಸುವುದಾದ್ದರಿಂದ, ಇವನ್ನು ಬೆರೆಸಿ ಅಂಕಿಯನ್ನು ಏರಿಸಲು ಬರುತ್ತದೆ.

ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವ ಗೃಹಿಣಿಯರಿಗೆ ಒಂದು ಮಾತು. ಮೊಳಕೆ ರಾಗಿಯ ಹುರಿಹಿಟ್ಟು ಉತ್ತಮ ಆಹಾರ, ಆದರೆ ಅದರಲ್ಲಿ ನೂರಕ್ಕೆ ಏಳರಷ್ಟು ಪ್ರೋಟೀನ್, ಸುಮಾರು ಎಪ್ಪತ್ತರಷ್ಟು ಶರ್ಕರಪಿಷ್ಟ. ಹುರಿಗಡಲೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಅದೇ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಸ್ಥೆ ಕಡಲೆಕಾಯಿ ಹಿಂಡಿಯ ಹಿಟ್ಟನ್ನೂ ಕಡಲೆಹಿಟ್ಟನ್ನೂ ಬೆರೆಸಿ ಬಹೂಪಯೋಗಿ ಆಹಾರವನ್ನು ಸಿದ್ಧಪಡಿಸಿದ್ದು ಹಸಿದ ಮಕ್ಕಳಿಗಾಗಿ, ಅಲ್ಲಿ ಅದು ಸಾರ್ಥಕ. ನಾವು ಹೇಳುತ್ತಿರುವ ಪಥ್ಯಕ್ಕೆ ಈ ಯಾವುದೂ ಸಲ್ಲದು.

ಬಗೆಗಳ ಆಯ್ಕೆ ಸುಲಭ. ಹಾಲೊಡಕಿನಿಂದ ತೆಗೆದ ವ್ಹೇ ಪುಡಿಯಲ್ಲಿ 'ಕಾನ್ಸಂಟ್ರೇಟ್' ಎಂಬುದು ನೂರಕ್ಕೆ 80ರವರೆಗೆ, 'ಐಸೊಲೇಟ್' ಎಂಬುದು 90ರ ಸಮೀಪ ಪ್ರೋಟೀನ್ ಉಳ್ಳದ್ದು. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರು ಐಸೊಲೇಟನ್ನೇ ಕೊಳ್ಳಲಿ. ಅದರಲ್ಲಿ ಲ್ಯಾಕ್ಟೋಸ್ ಅತ್ಯಲ್ಪ. ಹಾಲಿನ ಅಲರ್ಜಿಯೇ ಇರುವವರಿಗೆ ಸೋಯಾ ಅಥವಾ ಬಟಾಣಿಯ ಐಸೊಲೇಟ್. ಮೊಟ್ಟೆಯ ಬಿಳಿಯ ಪುಡಿಗೆ ಕಂದು ತ್ರಿಕೋನದ ಗುರುತಿರುತ್ತದೆ, ಸಸ್ಯಾಹಾರಿಗಳು ಗಮನಿಸಲಿ. ರುಚಿಗಾಗಿ ಕೃತಕ ಸಿಹಿ ಸೇರಿಸದ ಪುಡಿಯೇ ಮೇಲೆಂದು ನನ್ನ ಅಭಿಪ್ರಾಯ. ಕೃತಕ ಸಿಹಿಗಳನ್ನು ತೂಕ ಇಳಿಸುವ ಸಾಧನವಾಗಿ ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಗಿಡಮೂಲಿಕೆ ಬೆರೆಸಿದ ಪುಡಿಗಳು ಬೇಡ. ಗೂಡಲೂರಿನಾಚೆ ಕೇರಳದ ವೈದ್ಯರು ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷೆ ಮಾಡಿಸಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ ಸುಮಾರು 70ರಲ್ಲಿ ಪ್ರೋಟೀನಿನ ಅಚ್ಚಾದ ಅಂಕಿ ಸರಿಹೊಂದಿರಲಿಲ್ಲ, ಕೆಲವದರಲ್ಲಿ ಬೂಷ್ಟಿನ ವಿಷವೂ ಇತ್ತು. ಆದುದರಿಂದ ಮುದ್ರೆಯೊಡೆಯದ ಡಬ್ಬಿ, ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ ಸಂಖ್ಯೆ, ವಿದೇಶದ ಮಾಲಾದರೆ ಆಮದುದಾರರ ಹೆಸರು ಇವಿಲ್ಲದೆ ಹಣ ಕೊಡಬಾರದು. ಸಡಿಲವಾಗಿ ತೂಗಿ ಕೊಡುವ ಪುಡಿಯನ್ನು ಮುಟ್ಟಬೇಡಿ.

ಉದಕಮಂಡಲದ ಚಳಿಯಲ್ಲಿ ತಣ್ಣನೆಯ ಶೇಕ್ ಯಾರಿಗೂ ಪ್ರಿಯವಲ್ಲ. ಎರಡು ಸಾವಿರದ ಇನ್ನೂರು ಮೀಟರಿಗೂ ಎತ್ತರದ ಈ ಊರಿನಲ್ಲಿ ನೀರು ಸುಮಾರು 92–93 ಡಿಗ್ರಿಗೇ ಕುದಿಯುತ್ತದಾದರೂ, ಆ ಶಾಖವೂ ಹಾಲೊಡಕಿನ ಪ್ರೋಟೀನಿಗೆ ಅತಿಯಾಯಿತು. ಪುಡಿ ಗಂಟುಗಂಟಾಗಿ ತೇಲುತ್ತದೆ. ಸತ್ವವೇನೂ ನಷ್ಟವಾಗದು, ಕುಡಿಯಲಾಗದು ಅಷ್ಟೆ. ಮೊದಲು ಕಾಲು ಲೋಟ ತಣ್ಣೀರಿನಲ್ಲಿ ಪುಡಿಯನ್ನು ನುಣ್ಣಗೆ ಕದಡಿ, ತರುವಾಯ ಬೆರಳು ತಾಳುವಷ್ಟು ಬಿಸಿಯ ನೀರನ್ನು ಬೆರೆಸಿರಿ. ಹಾಲು ಬೇಡ, ರುಚಿ ಬೇಕಾದರೆ ಏಲಕ್ಕಿ, ಚಕ್ಕೆಪುಡಿ, ಸಿಹಿಯಿಲ್ಲದ ಕೋಕೋ. ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ಹೊಸ ಡಬ್ಬಿಯ ಮೊದಲ ದಿನ ಕುಡಿಯುವ ಮೊದಲೂ ಎರಡು ಗಂಟೆಯ ನಂತರವೂ ಸಕ್ಕರೆ ನೋಡಿ ಬರೆದಿಡಲಿ.

ಸ್ಥಳಾಭಾವದಿಂದ ಸಂಗ್ರಹಣೆಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ನಮ್ಮ ತೇವದ ಹವೆಗೆ, ವಿಶೇಷವಾಗಿ ಗೂಡಲೂರಿನ ಮಳೆಗಾಲಕ್ಕೆ, ದೊಡ್ಡ ಡಬ್ಬಿ ತರಬೇಡಿ. ಒದ್ದೆ ಚಮಚ ಹಾಕಬೇಡಿ, ಒಳಗಿನ ತೇವಹೀರುವ ಪೊಟ್ಟಣವನ್ನು ಎಸೆಯಬೇಡಿ, ಫ್ರಿಜ್ಜಿನಲ್ಲಿಡಬೇಡಿ. ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ. ಮುಗ್ಗಲು ವಾಸನೆ ಬಂದ ಪುಡಿಯನ್ನು ಬೆಲೆ ನೋಡದೆ ಚೆಲ್ಲಿರಿ.