ತಂಪು ಕಾಯುವ ಪೆಟ್ಟಿಗೆ



ಬೇಸಿಗೆ ಬಿಸಿಲು ನಮಗೆ ಹೊಸದಲ್ಲ. ಸುರೇಬಾನ, ಮನಿಹಾಳ, ರಾಮದುರ್ಗದ ಕಡೆ ಗುಡ್ಡದ ಕಲ್ಲು ಕಾದು ಕೆಂಡವಾಗುತ್ತದೆ. ಬೆಳಿಗ್ಗೆ ತಂದ ಹಾಲು ಕಾಯಿಸದೆ ಇಟ್ಟರೆ ಮಧ್ಯಾಹ್ನಕ್ಕೆ ಒಡೆಯುತ್ತದೆ.

ಹಾಲು ಕೆಟ್ಟರೆ ನಮಗೆ ತಿಳಿಯುತ್ತದೆ. ವಾಸನೆ ಬರುತ್ತದೆ. ಲಸಿಕೆ ಕೆಟ್ಟರೆ ಹೇಗೆ ತಿಳಿಯಬೇಕು? ಅದಕ್ಕೆ ವಾಸನೆ ಬರುವುದಿಲ್ಲ. ಬರೀ ಕಣ್ಣಿಗೆ ಮೊದಲಿನ ಹಾಗೇ ಕಾಣಬಹುದು. ಕೂಸಿಗೆ ಸೂಜಿ ಚುಚ್ಚಿಸಿದ್ದೂ ಆಯಿತು, ಕೂಸು ಅತ್ತದ್ದೂ ಆಯಿತು. ಆದರೆ ರೋಗ ತಡೆಯುವ ಶಕ್ತಿ ಮಾತ್ರ ಬರುವುದಿಲ್ಲ.

ಹೀಗೆ ಆಗಬಾರದೆಂದೇ ನರ್ಸಬಾಯಿ ಹೆಗಲಿಗೆ ಒಂದು ಪೆಟ್ಟಿಗೆ ಹಾಕಿಕೊಂಡು ಬರುತ್ತಾರೆ. ಅದನ್ನು ನಾವೆಲ್ಲ ನೋಡಿದ್ದೇವೆ. ಇವತ್ತು ಅದರ ಬಗ್ಗೆ ಓದೋಣ.

ಲಸಿಕೆ ಬರುವ ದಾರಿ

ಲಸಿಕೆಗೂ ಬೆಳಗಾವಿಗೂ ಹಳೆಯ ನಂಟು. ಅಲ್ಲಿನ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಜಾಗವಿದೆ. ಹಿಂದೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. 2021ರ ಜನವರಿಯಲ್ಲಿ ಕೊರೊನಾ ಲಸಿಕೆ ಪುಣೆಯಿಂದ ತಂಪು ವಾಹನದಲ್ಲಿ ಬೆಳಗಾವಿಗೆ ಬಂತು.

ಬೆಳಗಾವಿಯಿಂದ ರಾಮದುರ್ಗ ಸುಮಾರು 100 ಕಿಲೋಮೀಟರ್. ದೊಡ್ಡ ಉಗ್ರಾಣದಿಂದ ಲಸಿಕೆ ಆರೋಗ್ಯ ಕೇಂದ್ರಕ್ಕೆ ಬರಬೇಕು. ಅಲ್ಲಿಂದ ನಮ್ಮೂರ ಅಂಗನವಾಡಿಗೆ ಬರಬೇಕು. ಇಷ್ಟು ದಾರಿಯಲ್ಲೂ ಅದು 2 ಡಿಗ್ರಿಯಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಕೇಂದ್ರದಲ್ಲಿ ಕರೆಂಟಿನ ಫ್ರಿಜ್ ಇದೆ. ಹಾದಿಯಲ್ಲಿ ಕರೆಂಟು ಎಲ್ಲಿಯದು? ಅಲ್ಲಿ ಈ ಪೆಟ್ಟಿಗೆಯೇ ಗತಿ.

ಪೆಟ್ಟಿಗೆಯ ಒಳಗೆ ಏನಿದೆ?

ಪೆಟ್ಟಿಗೆ ತಾನೇ ತಂಪು ಮಾಡುವುದಿಲ್ಲ. ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ, ಅಷ್ಟೇ. ಅದರ ಗೋಡೆಯಲ್ಲಿ ಫೋಮ್ ತುಂಬಿರುತ್ತದೆ. ಫೋಮಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ. ಆ ಗುಳ್ಳೆಗಳನ್ನು ದಾಟಿ ಬಿಸಿ ಬೇಗ ಒಳಗೆ ಬರಲಾರದು.

ನಮ್ಮ ಕಂಬಳಿಯದೂ ಇದೇ ಗುಣ. ಉಣ್ಣೆಯ ನಡುವೆ ಗಾಳಿ ನಿಂತಿರುತ್ತದೆ. ಚಳಿಯಲ್ಲಿ ಹೊದ್ದರೆ ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಅದೇ ಕಂಬಳಿಯನ್ನು ಬರ್ಫಕ್ಕೆ ಸುತ್ತಿದರೆ ಬರ್ಫ ಬೇಗ ಕರಗುವುದಿಲ್ಲ.

ಪೆಟ್ಟಿಗೆಯ ನಾಲ್ಕು ಬದಿಗೆ ನಾಲ್ಕು ಚಪ್ಪಟೆ ಡಬ್ಬಿಗಳಿರುತ್ತವೆ. ಡಬ್ಬಿಯೊಳಗೆ ನೀರು ಹೆಪ್ಪುಗಟ್ಟಿ ಬರ್ಫ ಆಗಿರುತ್ತದೆ. ನಡುವೆ 16ರಿಂದ 20 ಲಸಿಕೆ ಸೀಸೆ ಹಿಡಿಯುತ್ತವೆ.

“ಬರ್ಫ ಜಾಸ್ತಿ ಇದ್ದಷ್ಟೂ ಚಲೋ ಅಲ್ರೀ?” ಎಂದು ನೀವು ಕೇಳಬಹುದು. ಅಲ್ಲ. ಕೆಲವು ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತವೆ. ಧನುರ್ವಾಯು ತಡೆಯುವ ಲಸಿಕೆ ಅಂಥದ್ದು. ಅದಕ್ಕೆ ನರ್ಸಬಾಯಿ ಬರ್ಫದ ಡಬ್ಬಿಯನ್ನು ಮೊದಲು ಹೊರಗೆ ಇಡುತ್ತಾರೆ. ಡಬ್ಬಿ ಬೆವರಬೇಕು. ಅಲ್ಲಾಡಿಸಿದರೆ ಒಳಗೆ ನೀರಿನ ಸಪ್ಪಳ ಬರಬೇಕು. ಆಮೇಲೆ ಪೆಟ್ಟಿಗೆಗೆ ಹಾಕುತ್ತಾರೆ.

ಸೀಸೆಯ ಮೇಲಿನ ಗುರುತು

ಒಂದು ಊರಿನ ಅಂಗನವಾಡಿ. ನರ್ಸಬಾಯಿ ಪೋಲಿಯೊ ಹನಿಯ ಸೀಸೆ ತೆಗೆದು ನೋಡಿದರು. ಹಾಕದೆ ಪಕ್ಕಕ್ಕೆ ಇಟ್ಟರು.

“ಇದು ಬ್ಯಾಡ್ರಿ. ಇದರ ಗುರುತು ಕಪ್ಪಾಗೇತಿ. ಬ್ಯಾರೆ ಸೀಸೆ ತರಸ್ತೇನಿ, ಕುಂದರ್ರಿ.”

ಕೂಲಿ ಬಿಟ್ಟು ಬಂದ ತಾಯಿಗೆ ಸಿಟ್ಟು ಬಂತು. “ಒಂದ ದಿನದ ಪಗಾರ ಹೋತ್ರಿ ನಂದು. ಔಷಧ ಚಲೋನ ಕಾಣತೈತಿ. ಹಾಕಿ ಕಳಸ್ರಿ.”

“ಯವ್ವಾ, ಇದನ್ನ ಹಾಕಿದ್ರ ಕಾರ್ಡಿನ್ಯಾಗ ಗುರುತು ಬೀಳತೈತಿ. ಕೂಸಿನ ಮೈಯಾಗ ಶಕ್ತಿ ಬರೂದಿಲ್ಲ. ಹನಿ ಹಾಕಿಸೇನಿ ಅಂತ ನೀ ಧೈರ್ಯಲೆ ಇರ್ತಿ. ನಾಳೆ ಕೂಸಿಗೆ ಏನರ ಆದ್ರ?”

ತಾಯಿ ಸುಮ್ಮನಾದಳು. ಸೀಸೆ ಕೈಗೆ ತಗೊಂಡು ತಾನೇ ನೋಡಿದಳು. ಬೇರೆ ಸೀಸೆ ಬರುವ ತನಕ ಕೂತು, ಹನಿ ಹಾಕಿಸಿಕೊಂಡೇ ಹೋದಳು.

ಸೀಸೆಯ ಮೇಲೆ ಒಂದು ದುಂಡು ಇದೆ. ಅದರೊಳಗೆ ಒಂದು ಚೌಕ ಇದೆ. ಚೌಕ ದುಂಡಿಗಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ಚೌಕ ಮತ್ತು ದುಂಡು ಒಂದೇ ಬಣ್ಣವಾದರೆ ಹಾಕಬಾರದು. ಚೌಕವೇ ಹೆಚ್ಚು ಕಪ್ಪಾದರೂ ಹಾಕಬಾರದು. ದಾರಿಯುದ್ದಕ್ಕೂ ತಾಕಿದ ಬಿಸಿಯ ಲೆಕ್ಕ ಆ ಚೌಕದಲ್ಲಿ ಕೂಡುತ್ತಾ ಹೋಗುತ್ತದೆ. ಒಮ್ಮೆ ಕಪ್ಪಾದರೆ, ಮತ್ತೆ ತಂಪಿನಲ್ಲಿ ಇಟ್ಟರೂ ತಿಳಿಯಾಗುವುದಿಲ್ಲ.

ಈ ಗುರುತು ಬಿಸಿಯ ಲೆಕ್ಕ ಮಾತ್ರ ಹೇಳುತ್ತದೆ. ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಅದನ್ನು ನರ್ಸಬಾಯಿ ಬೇರೆ ರೀತಿ ಪರೀಕ್ಷೆ ಮಾಡುತ್ತಾರೆ.

1995ರಲ್ಲಿ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಊರೂರಿಗೆ, ಮನೆಮನೆಗೆ ಇಂಥ ಪೆಟ್ಟಿಗೆಗಳು ಹೋದವು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಗೆಲುವಿನಲ್ಲಿ ಪೆಟ್ಟಿಗೆ ಹೊತ್ತ ಹೆಣ್ಣುಮಕ್ಕಳ ಪಾಲು ದೊಡ್ಡದು.

ಬಿಸಾಡುವ ಪೆಟ್ಟಿಗೆ, ಬಿಸಾಡದ ಪೆಟ್ಟಿಗೆ

ಸಂಜೆ ಈ ಪೆಟ್ಟಿಗೆ ಕೇಂದ್ರಕ್ಕೆ ಮರಳುತ್ತದೆ. ಅದನ್ನು ಒರೆಸಿ ಒಣಗಿಸುತ್ತಾರೆ. ಬಿರುಕು ಬಿಟ್ಟಿದೆಯೇ ನೋಡುತ್ತಾರೆ. ನೀರಿನ ಡಬ್ಬಿಗಳನ್ನು ಮತ್ತೆ ಬರ್ಫ ಮಾಡಲು ಇಡುತ್ತಾರೆ. ಹೀಗೆ ಒಂದೇ ಪೆಟ್ಟಿಗೆ ವರ್ಷಗಟ್ಟಲೆ ಬಾಳುತ್ತದೆ.

ಥರ್ಮಾಕೋಲ್ ಪೆಟ್ಟಿಗೆಯೂ ತಂಪು ಕಾಯುತ್ತದೆ. ಮೀನು, ಔಷಧ ಅದರಲ್ಲಿ ಬರುತ್ತವೆ. ಆದರೆ ಹೆಚ್ಚಾಗಿ ಒಂದೇ ಸಲಕ್ಕೆ ಅದು ತಿಪ್ಪೆ ಸೇರುತ್ತದೆ. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ. ಚೂರುಗಳು ಗಟಾರ ಕಟ್ಟುತ್ತವೆ, ದನದ ಹೊಟ್ಟೆಗೂ ಹೋಗುತ್ತವೆ. ಅದನ್ನು ಕರಗಿಸಿ ಬೇರೆ ವಸ್ತು ಮಾಡಬಹುದು. ಆದರೆ ತೂಕ ಇಲ್ಲದ್ದಕ್ಕೆ ಗುಜರಿಯವರು ಮುಟ್ಟುವುದು ಕಡಿಮೆ.

ಇಂಗ್ಲೆಂಡಿನಲ್ಲಿ ರಟ್ಟಿನ ಪೆಟ್ಟಿಗೆಗೆ ಕುರಿ ಉಣ್ಣೆಯ ಹಾಸು ಹಾಕಿ ಔಷಧ, ಮಾಂಸ ಕಳಿಸುತ್ತಾರೆ. ರಟ್ಟು ಮತ್ತೆ ಕಾಗದವಾಗುತ್ತದೆ. ಉಣ್ಣೆಯನ್ನು ಮತ್ತೆ ಬಳಸಬಹುದು, ಕೊನೆಗೆ ಅದು ಮಣ್ಣಿಗೆ ಗೊಬ್ಬರವಾಗುತ್ತದೆ. ಕುರಿ, ಕಂಬಳಿ ನಮ್ಮ ಸೀಮೆಗೇನು ಹೊಸದೇ?

ನಾವು ಏನು ಮಾಡಬೇಕು?

1. ಲಸಿಕೆಯ ದಿನ ಹೇಳಿದ ಹೊತ್ತಿಗೆ ಹೋಗೋಣ. ಒಬ್ಬೊಬ್ಬರಿಗೆ ಮತ್ತೆ ಮತ್ತೆ ತೆರೆದರೆ ಒಳಗಿನ ತಂಪು ಹೋಗುತ್ತದೆ.
2. ಪೆಟ್ಟಿಗೆಗೆ ನೆರಳಿನ ಜಾಗ ಕೊಡೋಣ. ಅದರ ಮೇಲೆ ಯಾರೂ ಕೂಡುವುದು ಬೇಡ.
3. “ಗುರುತು ತೋರಸ್ರಿ ಅಕ್ಕಾರ” ಎಂದು ಕೇಳೋಣ. ಕೇಳುವುದು ತಪ್ಪಲ್ಲ.
4. ಲಸಿಕೆ ಸರಿ ಇಲ್ಲ ಎಂದು ಹೇಳಿದರೆ ಸಿಟ್ಟಾಗುವುದು ಬೇಡ. ಮತ್ತೆ ಯಾವಾಗ ಬರಬೇಕು ಎಂದು ಕೇಳಿ, ತಪ್ಪದೆ ಹೋಗೋಣ.
5. ಮನೆಗೆ ಥರ್ಮಾಕೋಲ್ ಪೆಟ್ಟಿಗೆ ಬಂದರೆ ಸುಡುವುದು ಬೇಡ. ಒಡೆಯುವ ತನಕ ಬಳಸೋಣ.

ಉತ್ತರ ಹೇಳಿರಿ

1. ಲಸಿಕೆ ಎಷ್ಟು ಡಿಗ್ರಿ ತಂಪಿನಲ್ಲಿ ಇರಬೇಕು?
2. ಕಂಬಳಿ ಸುತ್ತಿದರೆ ಬರ್ಫ ಏಕೆ ಬೇಗ ಕರಗುವುದಿಲ್ಲ?
3. ಚೌಕ ಹೇಗಿದ್ದರೆ ಲಸಿಕೆ ಹಾಕಿಸಬಹುದು?

ಮಾಡಿ ನೋಡಿರಿ

ಎರಡು ಬರ್ಫದ ತುಂಡು ತರಿಸಿರಿ. ಒಂದನ್ನು ತಟ್ಟೆಯಲ್ಲಿ ಬಯಲಿಗೆ ಇಡಿರಿ. ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿ ಇಡಿರಿ. ಯಾವುದು ಮೊದಲು ಕರಗಿತು? ನಿಮ್ಮ ಕೈಯಿಂದಲೇ ಪಾಟಿಯ ಮೇಲೆ ಬರೆಯಿರಿ.