ಎಂಜಿನ್ನಿನ ಬಡಿತ: ನಿದಾನಕ್ರಮದ ಒಂದು ವಿವೇಚನೆ

ರೋಗವನ್ನರಿಯದೆ ಔಷಧವನ್ನು ಕೊಡಬಾರದೆಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ರೋಗವನ್ನು ಅರಿಯಲು ಆಯುರ್ವೇದಾಚಾರ್ಯರು ಐದು ಸಾಧನಗಳನ್ನು ಹೇಳಿದ್ದಾರೆ. ಅವು ನಿದಾನ, ಪೂರ್ವರೂಪ, ರೂಪ, ಉಪಶಯ ಮತ್ತು ಸಂಪ್ರಾಪ್ತಿ. ಕ್ರಮವಾಗಿ ಇವುಗಳ ಅರ್ಥ: ಕಾರಣ, ಮುನ್ಸೂಚನೆ, ಪ್ರಕಟಲಕ್ಷಣ, ಪರೀಕ್ಷಾರ್ಥವಾಗಿ ಮಾಡಿದ ಉಪಚಾರದಿಂದ ರೋಗ ಶಮನವಾಗುವ ಬಗೆ, ರೋಗವು ಒಳಗೊಳಗೇ ಬೆಳೆದು ಬಂದ ರೀತಿ. ಮನುಷ್ಯದೇಹಕ್ಕಾಗಿ ಹುಟ್ಟಿದ ಈ ಕ್ರಮವು ಯಂತ್ರಕ್ಕೂ ಸಲ್ಲುತ್ತದೆ. ವೇಗದ ಕಾರುಗಳ ಬಲವನ್ನು ಹೆಚ್ಚಿಸಲು ಹೊರಟವರನ್ನು ಕಾಡುವ ‘ನಾಕಿಂಗ್’ ಎಂಬ ಬಡಿತವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಮಾತನ್ನು ಪರಿಶೀಲಿಸೋಣ.

ಉದಾಹರಣೆ ಖಚಿತವಾಗಿರಲೆಂದು ಒಂದೇ ಕಾರನ್ನು ಆರಿಸಿಕೊಳ್ಳಬಹುದು. ಸ್ವೀಡನ್ ದೇಶದ ಸಾಬ್ ಸಂಸ್ಥೆಯು 1977ರಲ್ಲಿ ತನ್ನ 99 ಟರ್ಬೊ ಕಾರನ್ನು ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿತು. ಅದರ ಬೆನ್ನಿಗೇ ಬಂದದ್ದು 900 ಟರ್ಬೊ. ಆ ಸಂಸ್ಥೆ 2011ರಲ್ಲಿ ದಿವಾಳಿಯಾಯಿತಾದರೂ ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ಬಲದಿಂದ ಒಂದು ಚಕ್ರವು ತಿರುಗಿ, ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವುದೇ ಟರ್ಬೊ ಎಂಬ ಉಪಕರಣದ ತತ್ತ್ವ. ಹೆಚ್ಚು ಒತ್ತಿದಷ್ಟೂ ಬಲ ಹೆಚ್ಚು. ಬಡಿತದ ಭಯವೂ ಅಷ್ಟೇ ಹೆಚ್ಚು.

ಸಂಪ್ರಾಪ್ತಿ

ವಿಷಯ ಸುಲಭವಾಗಿ ತಿಳಿಯಲೆಂದು ಕೊನೆಯದಾದ ಸಂಪ್ರಾಪ್ತಿಯನ್ನೇ ಮೊದಲು ನೋಡುವುದು ಯುಕ್ತ. ಸ್ಪಾರ್ಕ್ ಪ್ಲಗ್ಗಿನ ಕಿಡಿ ತಗುಲಿದೊಡನೆ ಸಿಲಿಂಡರಿನಲ್ಲಿರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಒಮ್ಮೆಗೇ ಸಿಡಿಯುವುದಿಲ್ಲ. ಹೊಲದ ಕೂಳೆಗೆ ಒಂದು ಬದುವಿನಿಂದ ಬೆಂಕಿಯಿಟ್ಟಂತೆ, ಜ್ವಾಲೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತದೆ. ಸಾಗುವಾಗ ತನ್ನ ಮುಂದಿರುವ ಉರಿಯದ ಮಿಶ್ರಣವನ್ನು ಒತ್ತಿ ಬಿಸಿಮಾಡುತ್ತದೆ. ಈ ಕೊನೆಯ ಭಾಗವು, ಜ್ವಾಲೆ ತಲುಪುವ ಮುನ್ನವೇ, ತಾನೇ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳೆದ್ದು ಸಿಲಿಂಡರಿನ ಗೋಡೆಗಳ ನಡುವೆ ಪುಟಿಯುತ್ತವೆ. ಅದೇ ಬಡಿತ. ಸಾಬ್ 900ರ ಸಿಲಿಂಡರಿನ ವ್ಯಾಸ 90 ಮಿಲಿಮೀಟರು. ಅಷ್ಟು ಅಗಲದಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 6,000 ಸಾರಿ ಕಂಪಿಸುತ್ತದೆ. ಪಿಸ್ಟನ್ನಿನ ಮೈಯನ್ನು ಉರಿಯಿಂದ ಕಾಯುತ್ತಿದ್ದ ಅನಿಲದ ತೆಳುಪದರ ಇದರಿಂದ ಹರಿದುಹೋಗುತ್ತದೆ. ಬಡಿತ ಮುಂದುವರಿದರೆ ಪಿಸ್ಟನ್ನಿನ ಅಂಚು ತಿನ್ನಲ್ಪಡುತ್ತದೆ. ಉಂಗುರಗಳನ್ನು ಹಿಡಿದಿರುವ ಏಣುಗಳು ಮುರಿಯುತ್ತವೆ.

ನಿದಾನ

ಕಾರಣಗಳು ಅನೇಕ. ಕಿಡಿಯು ಸಲ್ಲಬೇಕಾದ ಕ್ಷಣಕ್ಕಿಂತ ಬಹಳ ಮುಂಚೆ ಹಾರುವುದು, ಟರ್ಬೊದ ಒತ್ತಡ ಮಿತಿಮೀರುವುದು, ಒಳಬರುವ ಗಾಳಿ ಬಿಸಿಯಾಗಿರುವುದು, ಗಾಳಿಗೆ ತಕ್ಕಷ್ಟು ಪೆಟ್ರೋಲು ಬೀಳದಿರುವುದು, ಒಳಗೆ ಮಸಿ ಕಟ್ಟಿ ಸಿಲಿಂಡರಿನ ಜಾಗ ಕುಗ್ಗುವುದು, ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಸಾಲದಿರುವುದು ಇವುಗಳಲ್ಲಿ ಮುಖ್ಯವಾದವು. ಪೆಟ್ರೋಲು ಬಡಿತವನ್ನು ಎಷ್ಟು ತಾಳಿಕೊಳ್ಳುತ್ತದೆಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್ ಎಂಬ ದ್ರವಕ್ಕೆ 0 ಎಂದಿಟ್ಟು ಈ ಮಾನವನ್ನು ರಚಿಸಲಾಗಿದೆ.

ಪೂರ್ವರೂಪ ಮತ್ತು ರೂಪ

ಕಿವಿಗೆ ಕೇಳುವ ಮೊದಲೇ ಬಡಿತವು ಸೂಚನೆ ಕೊಡುತ್ತದೆ. 1980ರ ದಶಕದ ಆರಂಭದಲ್ಲಿ ಸಾಬ್ ಕಾರಿಗೆ ಎ.ಪಿ.ಸಿ. ಎಂಬ ವ್ಯವಸ್ಥೆ ಬಂತು. ಎಂಜಿನ್ನಿನ ಮೈಗೆ ಬಿಗಿದ ಒಂದು ಸಂವೇದಕವು ಬಡಿತದ ಕಂಪನವನ್ನು ಗ್ರಹಿಸಿದೊಡನೆ ಟರ್ಬೊದ ಒತ್ತಡ ಇಳಿಯುವಂತೆ ಅದು ಮಾಡುತ್ತದೆ. ಆದುದರಿಂದ ಭಾರ ಎಳೆಯುವಾಗ ಒತ್ತಡದ ಮುಳ್ಳು ಏರಿ ಒಡನೆಯೇ ಹಿಂಜರಿದರೆ, ಸದ್ದು ಕೇಳದಿದ್ದರೂ ಬಡಿತವನ್ನು ಶಂಕಿಸಬೇಕು. ಆದರೆ ಸಂವೇದಕ ತಿಳಿಯುವುದು ಕಂಪನವನ್ನೇ ಹೊರತು ಅದರ ಕಾರಣವನ್ನಲ್ಲ. ಸಡಿಲವಾದ ಒಂದು ಪಟ್ಟಿಯ ಗಲಗಲವೂ ಅದನ್ನು ಮೋಸಗೊಳಿಸಬಲ್ಲುದು.

ಪ್ರಕಟವಾದ ಬಡಿತವು ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲುಗಳನ್ನು ಕುಲುಕಿದಂತೆ ಕೇಳಿಸುತ್ತದೆ. ಇದು ಭಾರ ಎಳೆಯುವಾಗ ಹೆಚ್ಚುತ್ತದೆ, ಎಂಜಿನ್ನು ಕಾದಂತೆ ಬೆಳೆಯುತ್ತದೆ. ಸವೆದ ಕನೆಕ್ಟಿಂಗ್ ರಾಡಿನ ಬೇರಿಂಗಾದರೋ ಒನಕೆಯ ಪೆಟ್ಟಿನಂತೆ ಮಂದ್ರವಾದ ಸದ್ದು ಮಾಡುತ್ತದೆ. ಸಡಿಲವಾದ ಪಿಸ್ಟನ್ನಿನ ಸದ್ದು ತಣ್ಣಗಿರುವಾಗ ಜೋರಾಗಿದ್ದು ಕಾದ ಮೇಲೆ ತಗ್ಗುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂತಹ ಕರಿಯ ಚುಕ್ಕೆಗಳೋ ಅಲ್ಯೂಮಿನಿಯಮಿನ ಹೊಳೆಯುವ ಕಣಗಳೋ ಕಂಡರೆ ಶಂಕೆ ಬಲವಾಗುತ್ತದೆ. ಹೊಳೆಯುವ ಕಣವು ಪಿಸ್ಟನ್ನಿನ ಮೈಯಿಂದಲೇ ಬಂದದ್ದು. ಅದನ್ನು ಕಂಡ ಮೇಲೆ ಕಾರನ್ನು ವೇಗವಾಗಿ ಓಡಿಸಿ ಪರೀಕ್ಷಿಸುವುದು ಸಲ್ಲದು.

ಉಪಶಯ

ಸದ್ದನ್ನು ಕೇಳಿ ಊಹಿಸುವುದು ಅರ್ಧ ಕೆಲಸ. ಊಹೆಯನ್ನು ಸ್ಥಿರಪಡಿಸುವುದು ಉಪಶಯ. ಕಿಡಿಯ ಕ್ಷಣವನ್ನು ಎರಡು ಮೂರು ಡಿಗ್ರಿಗಳಷ್ಟು ಹಿಂದೂಡಿ ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿಸಬೇಕು. ಸದ್ದು ಅಡಗಿದರೆ ಅದು ದಹನದ ಬಡಿತ. ಯುರೋಪಿನ ಬಂಕುಗಳಲ್ಲಿ ದೊರೆಯುವ 95 ಆಕ್ಟೇನ್ ಪೆಟ್ರೋಲಿನ ಬದಲು 98ರದನ್ನು ತುಂಬಿದಾಗ ಅಡಗಿದರೂ ಅದೇ ನಿರ್ಣಯ. ಎರಡಕ್ಕೂ ಬಗ್ಗದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಎಂಜಿನ್ನು ನಿಂತಲ್ಲೇ ಓಡುತ್ತಿರುವಾಗ ಸಿಲಿಂಡರುಗಳ ಕಿಡಿಯನ್ನು ಒಂದೊಂದಾಗಿ ಕ್ಷಣಕಾಲ ತಡೆದರೆ, ಯಾವುದನ್ನು ತಡೆದಾಗ ಸದ್ದು ಕುಗ್ಗುವುದೋ ಆ ಸಿಲಿಂಡರಿನ ಬೇರಿಂಗಿನ ಮೇಲೆ ಶಂಕೆ ಬೀಳುತ್ತದೆ. ಕೆಂಪಗೆ ಕಾದ ಮಸಿಯೋ ಪ್ಲಗ್ಗಿನ ತುದಿಯೋ ಕಿಡಿಗೂ ಮೊದಲೇ ಮಿಶ್ರಣವನ್ನು ಹೊತ್ತಿಸುವುದು ಮತ್ತೊಂದು ದೋಷ. ಅದು ಬಡಿತದ ನೆಂಟನಾದರೂ ಬಡಿತವಲ್ಲ. ಕಿಡಿಯನ್ನು ಹಿಂದೂಡಿದ ಮಾತ್ರಕ್ಕೆ ಅದು ಗುಣವಾಗದು.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಪೆಟ್ರೋಲನ್ನೂ ಕಿಡಿಯ ಕ್ಷಣವನ್ನೂ ಒತ್ತಡವನ್ನೂ ಒಟ್ಟಿಗೆ ಬದಲಿಸಿದವನಿಗೆ ಸದ್ದು ಅಡಗಿದರೂ ಕಾರಣ ತಿಳಿಯದು. ಕಿಡಿಯನ್ನು ಹಿಂದೂಡಿ ಸುಮ್ಮನಾಗುವುದೂ ಸಲ್ಲದು. ತೀರ ತಡವಾದ ಕಿಡಿಯಿಂದ ಹೊಗೆಯ ಶಾಖವೇರಿ ಟರ್ಬೊಗೆ ಕೇಡು. ಗಾಳಿ ಏಕೆ ಕಾಯಿತು, ಪೆಟ್ರೋಲು ಏಕೆ ಸಾಲದಾಯಿತು ಎಂಬ ಪ್ರಶ್ನೆಗಳು ಆಗಲೂ ಉಳಿದೇ ಇರುತ್ತವೆ. ಇನ್ನು, ಕಾರಿನ ಬಲ ತಗ್ಗುತ್ತಿದೆಯೆಂದು ಸಂವೇದಕದ ಸೂಕ್ಷ್ಮತೆಯನ್ನೇ ಕುಗ್ಗಿಸುವುದು, ಮನೆಗೆ ಬೆಂಕಿ ಬಿದ್ದಾಗ ಕೂಗಿದ ಕಾವಲುಗಾರನ ಬಾಯಿ ಮುಚ್ಚಿದಂತೆ.

ಬಡಿತದ ಇತಿಹಾಸವೂ ಇದನ್ನೇ ಬೋಧಿಸುತ್ತದೆ. ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಶಾಲೆಯಲ್ಲಿದ್ದ ಥಾಮಸ್ ಮಿಜ್ಲಿ ಎಂಬವರು, ಇಂಧನಕ್ಕೆ ಕೆಂಪು ಬಣ್ಣ ಬೆರೆತರೆ ಅದು ಶಾಖವನ್ನು ಬೇಗ ಹೀರಿ ಬಡಿತ ನಿಲ್ಲಬಹುದೆಂದು ಊಹಿಸಿ ಅಯೋಡಿನ್ ಬೆರೆಸಿದರು. ಬಡಿತ ತಗ್ಗಿತು. ಆದರೆ ಅವರು ಅಲ್ಲಿಗೆ ನಿಲ್ಲದೆ ಬೇರೆ ಕೆಂಪು ಬಣ್ಣಗಳನ್ನು ಬೆರೆಸಿ ನೋಡಿದರು, ಬಡಿತ ತಗ್ಗಲಿಲ್ಲ. ಗುಣ ಬಣ್ಣದ್ದಲ್ಲ, ಅಯೋಡಿನ್ನಿನದೆಂದು ಸಿದ್ಧವಾಯಿತು. ಇದು ಉಪಶಯದ ಶುದ್ಧವಾದ ಮಾದರಿ. ಹುಡುಕಾಟ ಮುಂದುವರಿದು 1921ರ ಡಿಸೆಂಬರ್ 9ರಂದು ಸೀಸದ ಒಂದು ಸಂಯುಕ್ತವು ಬಡಿತವನ್ನು ಅಡಗಿಸಿತು. ಸದ್ದೇನೋ ನಿಂತಿತು. ಆದರೆ 1924ರಲ್ಲಿ ನ್ಯೂಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಸೀಸದ ವಿಷಕ್ಕೆ ಬಲಿಯಾದರು. ಮಿಜ್ಲಿ ಅವರೂ ಆ ವಿಷದಿಂದ ನರಳಿದ್ದರು. ದಶಕಗಳ ಕಾಲ ಬೀದಿಬೀದಿಗಳ ಗಾಳಿಯಲ್ಲಿ ಸೀಸ ಬೆರೆಯಿತು. ಭಾರತವು 2000ದಲ್ಲಿ ಸೀಸದ ಪೆಟ್ರೋಲನ್ನು ಕೈಬಿಟ್ಟಿತು. ಲೋಕದಲ್ಲಿ ಕಾರುಗಳಿಗೆ ಅದರ ಮಾರಾಟ ಕೊನೆಗೊಂಡದ್ದು 2021ರಲ್ಲಿ, ಆಲ್ಜೀರಿಯದಲ್ಲಿ.

ಸದ್ದನ್ನು ಅಡಗಿಸುವುದು ಬೇರೆ, ದೋಷವನ್ನು ಕಳೆಯುವುದು ಬೇರೆ. ಲಕ್ಷಣವು ವೈದ್ಯನ ಶತ್ರುವಲ್ಲ, ಅವನಿಗೆ ದಾರಿ ತೋರುವ ದೂತ. ಯಂತ್ರದ ಮುಂದೆ ನಿಂತ ಕುಶಲಕರ್ಮಿಗೂ, ಪಾಠವನ್ನು ತಪ್ಪಾಗಿ ಒಪ್ಪಿಸುವ ಹುಡುಗನ ಮುಂದೆ ನಿಂತ ಉಪಾಧ್ಯಾಯನಿಗೂ ಈ ವಿವೇಕ ಸಮಾನವಾಗಿ ಬೇಕಾದುದು.