ಹಸಿರು ಹಾದಿಯನ್ನು ಕಾಯುವವರಿಗೊಂದು ಸೂರು
ಕೆರೆ ಏರಿ, ಕಾಲುವೆ ದಂಡೆಗಳಲ್ಲಿ ಬಹುಬಳಕೆಯ ನಿರ್ವಹಣಾ ಕಟ್ಟಡ ಯೋಜಿಸುವುದು ಹೇಗೆ?

ಬೆಂಗಳೂರಿನಲ್ಲಿ ಹಸಿರು ಹಾದಿ ಎಂದರೆ ಬಹುಪಾಲು ಕೆರೆಯ ಏರಿ, ಇಲ್ಲವೇ ರಾಜಕಾಲುವೆಯ ದಂಡೆ. ಕೈಕೊಂಡ್ರಹಳ್ಳಿ, ಜಕ್ಕೂರು, ಪುಟ್ಟೇನಹಳ್ಳಿ ಕೆರೆಗಳು ಚೇತರಿಸಿಕೊಂಡದ್ದರ ಹಿಂದೆ ಸುತ್ತಲಿನ ನಿವಾಸಿಗಳ ವರ್ಷಗಟ್ಟಲೆ ದುಡಿಮೆ ಇದೆ. ಆದರೆ ನಗರದ ಎಷ್ಟೋ ಕಡೆ ಹಾದಿಗೆ ಕಲ್ಲು ಹಾಸಿ, ಬೇಲಿ ಹಾಕಿ, ದೀಪ ನಿಲ್ಲಿಸುವ ಅಂದಾಜುಪಟ್ಟಿಯಲ್ಲಿ ಒಂದು ಬಾಬತ್ತು ಬಿಟ್ಟುಹೋಗಿರುತ್ತದೆ. ಹಾದಿಯನ್ನು ದಿನವೂ ನೋಡಿಕೊಳ್ಳುವವರಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ಗುದ್ದಲಿ ಪೊದೆಯೊಳಗೆ, ಊಟದ ಡಬ್ಬಿ ಕೊಂಬೆಯ ಮೇಲೆ, ಬಟ್ಟೆ ಬದಲಿಸುವುದು ಮರದ ಮರೆಯಲ್ಲಿ. ಇಂಥಲ್ಲಿ ಹಾದಿ ಬೇಗ ಹಾಳಾದರೆ ಅಚ್ಚರಿಯಿಲ್ಲ.

ಒಂದು ಚಿಕ್ಕ ಕಟ್ಟಡ ಇದನ್ನು ಬದಲಿಸಬಲ್ಲದು. ಅದು ಕೆಲಸಗಾರರಿಗೆ ನೆಲೆಯಾಗಿ, ವಾಯುವಿಹಾರಿಗಳಿಗೆ ಶೌಚಾಲಯವಾಗಿ, ಶಾಲಾ ಮಕ್ಕಳಿಗೆ ಪಾಠದ ಜಗುಲಿಯಾಗಿ ಒದಗಬೇಕಾದರೆ ನಕ್ಷೆ ಬರೆಯುವ ಮೊದಲೇ ಕೆಲಸ ಶುರುವಾಗಬೇಕು.

1. ಮೊದಲು ದುಡಿಯುವವರನ್ನು ಕೇಳಿ

ಭಾನುವಾರ ಸಂಜೆಯ ಸಭೆಗೆ ನಿವಾಸಿ ಸಂಘದವರು ಬರುತ್ತಾರೆ; ತೋಟದ ಕೆಲಸದವರು ಬರುವುದಿಲ್ಲ. ಅವರ ಜೊತೆ ಕೆಲಸದ ಹೊತ್ತಿನಲ್ಲೇ, ಕೂಲಿ ಕಡಿತವಾಗದಂತೆ ಮಾತಾಡಿ. ಹೆಣ್ಣುಮಕ್ಕಳೊಂದಿಗೆ ಹೆಣ್ಣುಮಕ್ಕಳೇ ಪ್ರತ್ಯೇಕವಾಗಿ ಕೂತು ಮಾತಾಡಲಿ. ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಗೇಟಿನ ಬಳಿಯ ಎಳನೀರಿನವರು, ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರು, ಗಾಲಿಕುರ್ಚಿ ಬಳಸುವವರು ಯಾರೂ ಬಿಟ್ಟುಹೋಗಬಾರದು.

‘ನಿಮಗೇನು ಬೇಕು?’ ಎಂದರೆ ಸಂಕೋಚದ ಉತ್ತರ ಬರುತ್ತದೆ. ‘ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ, ತೋರಿಸಿ’ ಎಂದು ಜೊತೆಯಲ್ಲಿ ನಡೆಯಿರಿ. ಸಾಮಾನು ಎಲ್ಲಿ ಬಚ್ಚಿಡುತ್ತಾರೆ, ನೀರು ಎಲ್ಲಿಂದ ಹೊರುತ್ತಾರೆ, ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ ಎಂಬುದೆಲ್ಲ ಕಣ್ಣಿಗೇ ಬೀಳುತ್ತದೆ.

2. ಜಾಗ ಗೊತ್ತುಮಾಡಿ

ಏರಿಯನ್ನು ಅಗೆಯಬೇಡಿ. ಕೋಡಿಯ ನೀರು ಹರಿಯುವ ಜಾಡಿನಲ್ಲಿ, ಮಳೆಗಾಲದಲ್ಲಿ ನೀರು ನಿಲ್ಲುವಲ್ಲಿ ಕಟ್ಟಬೇಡಿ. ಮುಖ್ಯ ಗೇಟಿಗೆ ಹತ್ತಿರ, ಲಾರಿ ಬರುವ ರಸ್ತೆಯ ಅಂಚಿನಲ್ಲಿದ್ದರೆ ಗೊಬ್ಬರದ ಗಾಡಿ ನಡೆಯುವವರ ದಾರಿಗೆ ಇಳಿಯಬೇಕಿಲ್ಲ.

ಕೆರೆಯ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯದ ನಿಯಮ ಬದಲಾಗುತ್ತಲೇ ಬಂದಿದೆ. ಬೆಂಗಳೂರಿನ ಕೆರೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಗೊತ್ತುಮಾಡಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಹಾಗಾಗಿ ಇಂದಿನ ನಿಯಮದಂತೆ ನಿಮ್ಮ ಜಾಗದಲ್ಲಿ ಕಟ್ಟಬಹುದೇ ಎಂಬುದನ್ನು ಕೆರೆಯ ಹೊಣೆ ಹೊತ್ತ ಸಂಸ್ಥೆಯಿಂದ ಲಿಖಿತವಾಗಿಯೇ ಪಡೆಯಿರಿ. ಅನುಮತಿ ಸಿಗದಿದ್ದರೆ ಗೇಟಿನ ಹೊರಗಿನ ಸಾರ್ವಜನಿಕ ಜಾಗ ಹುಡುಕಿ.

3. ಬಳಕೆಗಳನ್ನು ಬೇರ್ಪಡಿಸಿ

ಸಾಧಾರಣ ಗಾತ್ರದ ಕೆರೆಗೆ ಜಗುಲಿಯೂ ಸೇರಿ 100 ಚದರ ಮೀಟರ್ ಚಾವಣಿ ಇಟ್ಟುಕೊಂಡು ಲೆಕ್ಕ ಶುರುಮಾಡಬಹುದು. ಅದರಡಿ ಇರಬೇಕಾದವು:

• ಸಲಿಕೆ, ಪಿಕಾಸಿ, ನೀರಿನ ಪೈಪು, ತಳ್ಳುಗಾಡಿಗಳ ಕೋಣೆ. ಬಾಗಿಲು ಗಾಡಿ ಸಲೀಸಾಗಿ ಹಾಯುವಷ್ಟು ಅಗಲವಿರಲಿ.
• ಪೆಟ್ರೋಲ್, ಔಷಧಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಗಾಳಿಯಾಡುವ, ಹೊರಗಿನಿಂದಷ್ಟೇ ಬಾಗಿಲಿರುವ ಪ್ರತ್ಯೇಕ ಗೂಡು. ಊಟದ ಕೋಣೆಗೆ ಇದರ ವಾಸನೆಯೂ ತಾಕಬಾರದು.
• ಕೆಲಸಗಾರರ ವಿಶ್ರಾಂತಿ ಕೋಣೆ: ಬೀಗವಿರುವ ಪೆಟ್ಟಿಗೆಗಳು, ಕುಡಿಯುವ ನೀರು, ಹೆಂಗಸರಿಗೆ ಬಟ್ಟೆ ಬದಲಿಸುವ ಜಾಗ, ಸ್ನಾನದ ಮನೆ.
• ಸಾರ್ವಜನಿಕ ಶೌಚಾಲಯ, ಬೇರೆ ಕಡೆಯಿಂದ ಬಾಗಿಲು. ಒಳಚರಂಡಿಗೆ ಜೋಡಿಸಿ, ಕೆರೆಯ ಪಕ್ಕದಲ್ಲಿ ಇಂಗುಗುಂಡಿ ಬೇಡವೇ ಬೇಡ.
• ತೆರೆದ ಜಗುಲಿ: ಬೆಳಿಗ್ಗೆ ಯೋಗ, ಮಧ್ಯಾಹ್ನ ಮಕ್ಕಳ ಪಾಠ, ಮಳೆ ಬಂದರೆ ಎಲ್ಲರಿಗೂ ಆಸರೆ.

ಉದುರಿದ ಎಲೆ ಸುಡುವ ಬದಲು ಗೊಬ್ಬರ ಮಾಡುವ ತೊಟ್ಟಿಗಳು ಕಟ್ಟಡದ ಹಿಂದೆ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಬರಲಿ.

4. ಸುಣ್ಣದ ಪುಡಿಯಲ್ಲಿ ನಕ್ಷೆ ಬಿಡಿಸಿ

ಕಾಗದದ ನಕ್ಷೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಆಯ್ಕೆಯಾದ ಜಾಗದಲ್ಲೇ ಗೋಡೆ, ಬಾಗಿಲುಗಳನ್ನು ನಿಜ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಗುರುತಿಸಿ. ತೋಟದವರು ತುಂಬಿದ ತಳ್ಳುಗಾಡಿ ತಿರುಗಿಸಿ ನೋಡಲಿ, ಗಾಲಿಕುರ್ಚಿಯವರು ಶೌಚಾಲಯದ ಬಾಗಿಲಿನವರೆಗೆ ಹೋಗಿ ನೋಡಲಿ. ಅಲ್ಲಿ ಕಂಡ ತಪ್ಪನ್ನು ಒರೆಸಿ ತಿದ್ದಲು ಕಾಸೂ ಖರ್ಚಾಗದು. ಗೋಡೆ ಎದ್ದ ಮೇಲೆ ತಿದ್ದುವುದು ದುಬಾರಿ.

5. ಚಾವಣಿ, ಗೋಡೆ, ಇಳಿಜಾರು

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆ ಬೀಳುತ್ತದೆ. 100 ಚದರ ಮೀಟರ್ ಚಾವಣಿಯ ನೀರಿನಲ್ಲಿ ಶೇ 80ರಷ್ಟು ಹಿಡಿದರೂ ಸುಮಾರು 78 ಸಾವಿರ ಲೀಟರ್. ಸಂಪು ಕಟ್ಟಿದರೆ ಸಸಿಗಳಿಗೆ, ತೊಳೆಯಲು ಒದಗುತ್ತದೆ.

ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಇಂಥ ಇಟ್ಟಿಗೆಯನ್ನು ಬಳಕೆಗೆ ತರಲು ಬಹಳ ದುಡಿದಿದೆ. ಇರಚಲು ಬಡಿಯದಂತೆ ಚಾವಣಿಯ ಅಂಚು ಧಾರಾಳವಾಗಿ ಹೊರಚಾಚಲಿ.

ರ‍್ಯಾಂಪ್‌ಗೆ 1:12 ಇಳಿಜಾರು ಬೇಕು. ಅಂದರೆ ತಳಪಾಯ 45 ಸೆಂಟಿಮೀಟರ್ ಎತ್ತರವಿದ್ದರೆ ರ‍್ಯಾಂಪ್‌ನ ಉದ್ದ 5.4 ಮೀಟರ್. ಈ ಜಾಗವನ್ನು ನಕ್ಷೆಯಲ್ಲಿ ಮೊದಲೇ ತೆಗೆದಿಡಿ.

6. ಕೀಲಿಕೈ ಯಾರ ಕೈಯಲ್ಲಿ?

ಬೀಗ ಬಿದ್ದ ಶೌಚಾಲಯ ಇಲ್ಲದ ಶೌಚಾಲಯಕ್ಕೆ ಸಮ. ತೆರೆಯುವ ವೇಳೆ, ಶುಚಿ ಮಾಡುವವರ ಸಂಬಳ, ಕರೆಂಟು ಬಿಲ್ಲು, ಜಗುಲಿಯ ವೇಳಾಪಟ್ಟಿ, ರಿಪೇರಿಯ ಹಣ ಇವೆಲ್ಲದಕ್ಕೂ ಯಾರು ಹೊಣೆ ಎಂಬುದನ್ನು ಪಾಲಿಕೆ ಮತ್ತು ಕೆರೆ ಸಮಿತಿ ಶಂಕುಸ್ಥಾಪನೆಗೆ ಮೊದಲೇ ಬರೆದು ಸಹಿ ಹಾಕಲಿ. ವಿಶ್ರಾಂತಿ ಕೋಣೆಯನ್ನು ಕಚೇರಿಯಾಗಿಯೋ ಗೋದಾಮಾಗಿಯೋ ಬದಲಿಸುವಂತಿಲ್ಲ ಎಂಬ ಷರತ್ತೂ ಅದರಲ್ಲಿರಲಿ. ಸಮಿತಿಯಲ್ಲಿ ತೋಟದ ಕೆಲಸದ ಒಬ್ಬರಾದರೂ ಸದಸ್ಯರಾಗಬೇಕು. ಕಟ್ಟಡದಲ್ಲಿ ಯಾವುದು ಕೆಟ್ಟಿದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ. ಅದನ್ನು ಹೇಳುವ ಹಕ್ಕೂ ಸರಿಪಡಿಸುವ ಹಣವೂ ಅವರಿಗೆ ಸಿಕ್ಕರೆ ಹಾದಿ ಬಾಳಿಕೆ ಬರುತ್ತದೆ.